ಮನೆ ಕೋಟೆಯೊಳಗೆ, ಹೊಲ ಕೋಟೆಯಾಚೆ

ಮುಂಗಾರು ಸಮೀಪಿಸಿತೆಂದರೆ ನಮ್ಮ ರೈತನಿಗೆ ಎಲ್ಲಿಲ್ಲದ ಹುರುಪು. ಬಿತ್ತನೆಯ ಕಾಲ ಬಂದರೆ ಹೆದರಿ, ಹಿಮ ಸುರಿಯುವ ಚಳಿಗಾಲ ಬಂದರೆ ಹಿಗ್ಗುತ್ತಿದ್ದ ರೈತರೂ ಒಂದು ಕಾಲದಲ್ಲಿ ಇದ್ದರೆಂದರೆ ನಿಮಗೆ ವಿಚಿತ್ರವೆನಿಸೀತು. ಇದು ಸುಮಾರು 250 ವರ್ಷಗಳ ಹಿಂದಿನ ಮಾತು. ಸ್ಥಳ ಅಮೆರಿಕದ ಮನಾಂಗಹೀಲಾ ನದಿಯ ದಂಡೆ; ಈಗಿನ ವೆಸ್ಟ್ ವರ್ಜೀನಿಯಾ ರಾಜ್ಯದ ಫೇರ್‌ಮಾಂಟ್ ಊರಿನ ಹತ್ತಿರ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡೇವುಗಳನ್ನು ನೀವು ನೋಡಿದ್ದೀರಿ. ದಾಳಿಯ ಸುದ್ದಿ ಬಂದಾಗ ಊರವರು ಆಸರೆ ಪಡೆಯುತ್ತಿದ್ದ ತಾಣಗಳವು. ಅಂಥದೇ ಆಸರೆಯ ಕೋಟೆಯೊಂದು 1774ರಲ್ಲಿ ಆ ದಂಡೆಯ ಮೇಲೆ ಎದ್ದಿತು. ಜೇಕಬ್ ಪ್ರಿಕೆಟ್ ಎಂಬ ವಲಸೆಗಾರನ ಜಮೀನಿನಲ್ಲಿ ಕಟ್ಟಿದ್ದರಿಂದ ಅದಕ್ಕೆ ಪ್ರಿಕೆಟ್ ಕೋಟೆ ಎಂದೇ ಹೆಸರಾಯಿತು.

ಹನ್ನೊಂದು ಗುಂಟೆಯಲ್ಲಿ ಎಂಬತ್ತು ಸಂಸಾರ

ಇದು ರಾಜನ ಕೋಟೆಯಲ್ಲ, ಸೈನ್ಯ ಕಟ್ಟಿದ್ದೂ ಅಲ್ಲ. ಸುತ್ತಲಿನ ಒಕ್ಕಲು ಮಕ್ಕಳೇ ಕಾಡಿನ ಮರ ಕಡಿದು, ದಿಮ್ಮಿ ಹೊತ್ತು ಎಬ್ಬಿಸಿದ್ದು. ಕಲ್ಲಿಲ್ಲ, ಗಾರೆಯಿಲ್ಲ, ನೆಟ್ಟಗೆ ಹೂಳಿದ ಮರದ ದಿಮ್ಮಿಗಳೇ ಗೋಡೆ. ಅಂದಿನ ಇತರ ಕೋಟೆಗಳ ಮಾದರಿ ನೋಡಿ 1976ರಲ್ಲಿ ಇದನ್ನು ಮರಳಿ ಕಟ್ಟಿದ್ದಾರೆ. ಈ ಹೊಸ ಕೋಟೆಯ ಅಳತೆ 110 ಅಡಿ ಚೌಕ. ನಮ್ಮ ಲೆಕ್ಕದಲ್ಲಿ ಹನ್ನೊಂದು ಗುಂಟೆ! ಮೂಲೆಗೊಂದು ಕಾವಲು ಮನೆ, ಗೋಡೆಗೆ ಒರಗಿಕೊಂಡು ಸಾಲಾಗಿ ಪುಟ್ಟ ಗುಡಿಸಲುಗಳು. ಅಪಾಯದ ದಿನಗಳಲ್ಲಿ ಪ್ರಿಕೆಟ್ ಕೋಟೆಯಲ್ಲಿ ಎಂಬತ್ತು ಸಂಸಾರಗಳವರೆಗೆ ಸೇರುತ್ತಿದ್ದವಂತೆ. ಹೆಂಗಸರು, ಮಕ್ಕಳು, ಹೊಗೆ, ಜಗಳ, ಬೇನೆ ಎಲ್ಲವೂ ಅಷ್ಟರೊಳಗೇ ನಡೆಯಬೇಕಿತ್ತು ಎಂಬುದನ್ನು ಊಹಿಸಿಕೊಳ್ಳಿ.

ಬೆಳೆ ತೆಗೆದವನಿಗೆ ನೆಲ

ಇಷ್ಟು ಕಷ್ಟವಿದ್ದರೆ ಬೆಟ್ಟದಾಚೆಯ ಹಳೆಯ ಊರಿಗೆ ಹಿಂದಿರುಗಬಾರದಿತ್ತೇ ಎಂದು ನೀವು ಕೇಳಬಹುದು. ಅವರನ್ನು ಕಟ್ಟಿಹಾಕಿದ್ದು ನೆಲದ ಆಸೆ. ದಟ್ಟ ಕಾಡಿನಲ್ಲಿ ಮನೆ ಹೂಡಿ, ಒಂದು ಬೆಳೆ ಮೆಕ್ಕೆಜೋಳ ತೆಗೆದವನು ಆ ನೆಲದ ಮೇಲೆ ಹಕ್ಕು ಹೇಳಬಹುದೆಂಬುದು ಅಲ್ಲಿನ ರೂಢಿ. 1779ರಲ್ಲಿ ವರ್ಜೀನಿಯಾ ಸರ್ಕಾರ ಇದನ್ನೇ ಕಾನೂನು ಮಾಡಿತು. 1778ರ ಜನವರಿ 1ಕ್ಕೆ ಮುಂಚೆ ನೆಲೆಸಿದ್ದವರಿಗೆ 400 ಎಕರೆ, ಪಕ್ಕದ ಇನ್ನೂ 1000 ಎಕರೆ ಕೊಳ್ಳಲು ಮೊದಲ ಹಕ್ಕು. ಬೇರೆಡೆ ಗೇಣು ಭೂಮಿಯಿಲ್ಲದವನಿಗೆ ಇದು ಸಣ್ಣ ಮಾತಲ್ಲ.

ಸಾಗುವಳಿಯ ರೀತಿಯನ್ನೂ ಕೇಳಿ. ದೊಡ್ಡ ಮರಗಳನ್ನು ಕಡಿಯಲು ಪುರಸೊತ್ತಿಲ್ಲ. ಬುಡದ ಸುತ್ತ ತೊಗಟೆ ಕೆತ್ತಿಬಿಟ್ಟರೆ ಮರ ನಿಂತಲ್ಲೇ ಒಣಗಿ, ಎಲೆ ಉದುರಿ, ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಆ ಒಣ ಮರಗಳ ನಡುವೆ ಗುದ್ದಲಿಯಿಂದ ಅಗೆದು ಮೆಕ್ಕೆಜೋಳ ಊರುವುದು. ಜೊತೆಗೆ ಹುರುಳಿಕಾಯಿ, ಕುಂಬಳ. ನಾವು ಅಕ್ಕಡಿ ಹಾಕಿದಂತೆಯೇ: ಜೋಳದ ದಂಟಿಗೆ ಹುರುಳಿ ಬಳ್ಳಿ ಹಬ್ಬುವುದು, ಕುಂಬಳದ ಎಲೆ ನೆಲ ಮುಚ್ಚಿ ಕಳೆ ಅಡಗಿಸುವುದು.

ಬಂದೂಕಿನ ಕಾವಲಿನಲ್ಲಿ ಕಳೆ

ಆದರೆ ಕೋಟೆಯೊಳಗೆ ಜೋಳ ಬೆಳೆಯುವುದಿಲ್ಲ. ಹೊರಗೆ ಹೋದರೆ ಜೀವಕ್ಕೆ ಅಪಾಯ, ಹೋಗದಿದ್ದರೆ ಹೊಟ್ಟೆಗೂ ಇಲ್ಲ, ಹಕ್ಕೂ ಇಲ್ಲ. ಇದೇ ಅವರ ಇಕ್ಕಟ್ಟು.

ಅದಕ್ಕೆ ಅವರು ಕಂಡುಕೊಂಡ ದಾರಿ ನಮ್ಮ ಮುಯ್ಯಾಳಿನ ಪದ್ಧತಿಯಂಥದೇ. ಎಲ್ಲರೂ ಒಂದು ತಂಡವಾಗಿ ಇಂದು ಒಬ್ಬನ ಹೊಲ, ನಾಳೆ ಇನ್ನೊಬ್ಬನ ಹೊಲ ಎಂದು ಕೆಲಸ ಮಾಡುವುದು. ಕೆಲವರು ಹೊಲದಂಚಿನಲ್ಲಿ ಕಾವಲು. ಉಳಿದವರ ಬಂದೂಕುಗಳು ಕೈಗೆ ಸಿಗುವಂತೆ ಹತ್ತಿರದಲ್ಲೇ. ಆ ಗಡಿನಾಡಿನಲ್ಲೇ ಬೆಳೆದ ಜೋಸೆಫ್ ಡಾಡ್ರಿಜ್ ಎಂಬಾತ 1824ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಮನೆಗೆ ಹೋಗಿ ಮಲಗಿದ್ದಾಗ ನಡುರಾತ್ರಿ ಯಾರೋ ಬಂದು ಕಿಟಕಿ ಮೆಲ್ಲಗೆ ತಟ್ಟಿದರೆ ಸಾಕು, ತಂದೆ ಬಂದೂಕಿಗೆ ಕೈಹಾಕುತ್ತಿದ್ದ. ದೀಪ ಹಚ್ಚುವಂತಿಲ್ಲ. ಕೈಗೆ ಸಿಕ್ಕ ಬಟ್ಟೆ, ಕಾಳು ಎತ್ತಿಕೊಂಡು ಕತ್ತಲಲ್ಲೇ ಕೋಟೆಗೆ. ಎಳೆಯ ಮಕ್ಕಳಿಗೂ ಸದ್ದು ಮಾಡಬಾರದೆಂಬುದು ತಿಳಿದಿತ್ತು.

ಹಿಮ ಬಿದ್ದ ಮೇಲೆ ದಾಳಿ ನಿಲ್ಲುತ್ತಿತ್ತು. ಆಗ ಸಂಸಾರಗಳು ಬಿಡುಗಡೆಯಾದಂತೆ ತಮ್ಮ ತಮ್ಮ ಹೊಲಮನೆಗೆ ಮರಳುತ್ತಿದ್ದವು. ಚಳಿಗಾಲಕ್ಕೆ ಅವರು ಹಿಗ್ಗುತ್ತಿದ್ದದ್ದು ಇದಕ್ಕಾಗಿ.

ಮೇವು ಹಾಕಲು ಹೋದ ಮಕ್ಕಳು

1779ರ ಒಂದು ಘಟನೆ ನೋಡಿ. ಅರವತ್ತರ ಆಸುಪಾಸಿನ ಡೇವಿಡ್ ಮಾರ್ಗನ್ ಕೋಟೆಯಲ್ಲಿ ಕಾಯಿಲೆ ಮಲಗಿದ್ದ. ದನಗಳಿಗೆ ಮೇವು ಹಾಕಿ ಬನ್ನಿರೆಂದು ಮಗ ಸ್ಟೀಫನ್ ಮತ್ತು ಮಗಳು ಸಾರಾಳನ್ನು ಮೈಲಿಯಾಚೆಯ ಹೊಲಕ್ಕೆ ಕಳಿಸಿದ. ಮಕ್ಕಳಿಗೆ ಕೇಡಾದಂತೆ ಕನಸು ಕಂಡು, ಬಂದೂಕು ಹಿಡಿದು ಬೆನ್ನಟ್ಟಿ ಹೋದ. ಹೊಲದಲ್ಲಿ ಇಬ್ಬರು ಇಂಡಿಯನ್ ಯೋಧರು ಮಕ್ಕಳತ್ತ ಸಾಗುತ್ತಿದ್ದರು. ಮಕ್ಕಳಿಗೆ ಓಡಲು ಕೂಗಿ ಹೇಳಿ, ಒಬ್ಬನನ್ನು ಗುಂಡಿಕ್ಕಿ ಕೊಂದ. ಇನ್ನೊಬ್ಬನೊಡನೆ ನೆಲಕ್ಕೆ ಬಿದ್ದು ಹೋರಾಡಿ ಗಾಯಗೊಳಿಸಿದ. ಮಕ್ಕಳು ಉಳಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಕೋಟೆಯವರು ರಕ್ತದ ಜಾಡು ಹಿಡಿದು ಹೋಗಿ, ಗಾಯಾಳುವನ್ನು ಕೊಂದು, ಶವಗಳ ಚರ್ಮ ಸುಲಿದರೆಂದೂ ಹಳೆಯ ಬರಹಗಳೇ ಹೇಳುತ್ತವೆ. ಭಯವೂ ದ್ವೇಷವೂ ಸೇರಿದರೆ ಉಳುವ ಕೈ ಏನು ಮಾಡೀತೆಂಬುದಕ್ಕೆ ಇದು ಸಾಕ್ಷಿ.

ಆ ನೆಲ ಯಾರದು?

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. ಬೆಟ್ಟಗಳ ಪಶ್ಚಿಮಕ್ಕೆ ವಲಸೆ ಕೂಡದೆಂದು 1763ರಲ್ಲೇ ಬ್ರಿಟಿಷ್ ದೊರೆ ಆಜ್ಞೆ ಹೊರಡಿಸಿದ್ದ. ಯಾರೂ ಕೇಳಲಿಲ್ಲ. 1768ರ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಇರೊಕ್ವಾ ಜನ ಈ ಸೀಮೆಯನ್ನು ಬಿಟ್ಟುಕೊಟ್ಟರು. ಆದರೆ ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾನಿ ಜನ ಅದಕ್ಕೆ ಒಪ್ಪಿರಲಿಲ್ಲ. ಒಬ್ಬರ ಆಸ್ತಿಗೆ ಇನ್ನೊಬ್ಬರು ಕ್ರಯಪತ್ರ ಬರೆದುಕೊಟ್ಟಂತಾಯಿತು. 1774ರ ಏಪ್ರಿಲ್ 30ರಂದು ಮಿಂಗೊ ನಾಯಕ ಲೋಗನ್‌ನ ಬಂಧುಗಳನ್ನು ಬಿಳಿಯರು ಓಹಾಯೊ ನದಿಯ ದಂಡೆಯಲ್ಲಿ ಕೊಂದರು. ಅದರ ಸೇಡಿನ ದಾಳಿಗಳೇ ಪ್ರಿಕೆಟ್ ಕೋಟೆಗೆ ಕಾರಣ.

1795ರ ಗ್ರೀನ್‌ವಿಲ್ ಒಪ್ಪಂದದ ಹೊತ್ತಿಗೆ ಓಹಾಯೊದ ಮೂಲನಿವಾಸಿಗಳು ಸೋತಿದ್ದರು. ಆಸರೆಯ ಕೋಟೆಗಳ ಅಗತ್ಯ ತೀರಿತು. ಸಂಸಾರಗಳು ಹೊಲಗಳಲ್ಲಿ ನೆಲೆ ನಿಂತವು. ಮೊದಲಿದ್ದವರು ಮತ್ತಷ್ಟು ಪಶ್ಚಿಮಕ್ಕೆ ಸರಿಯಬೇಕಾಯಿತು.

ಇಂದು ಪ್ರಿಕೆಟ್ ಕೋಟೆ ರಾಜ್ಯ ಉದ್ಯಾನದಲ್ಲಿದೆ. ನೋಡಲು ಬಂದವರಿಗೆ ಕುಲುಮೆಯ ಕೆಲಸ, ನೂಲುವುದು, ನೇಯುವುದನ್ನು ಹಳೆಯ ರೀತಿಯಲ್ಲೇ ಮಾಡಿ ತೋರಿಸುತ್ತಾರೆ. ಆದರೆ ಆ ಸಂಸಾರಗಳನ್ನು ಸಾಕಿದ್ದು ಕೋಟೆಯಲ್ಲ, ಮೆಕ್ಕೆಜೋಳ. ಅದರ ಬೀಜವನ್ನೂ ಬೇಸಾಯವನ್ನೂ ವಲಸೆಗಾರರು ಕಲಿತದ್ದು ತಾವು ಹೆದರುತ್ತಿದ್ದ ಆ ಮೂಲನಿವಾಸಿಗಳಿಂದಲೇ. ದಾವಣಗೆರೆ, ಹಾವೇರಿ ಕಡೆ ನೀವು ಬೆಳೆಯುವ ಮೆಕ್ಕೆಜೋಳಕ್ಕೂ ಮೂಲ ಅಮೆರಿಕದ ಮೂಲನಿವಾಸಿಗಳ ಹೊಲವೇ. ಮುಂದಿನ ಬಾರಿ ತೆನೆ ಮುರಿಯುವಾಗ ಇದು ನೆನಪಿರಲಿ.