ಬಿಬಿಸಿ ಮೈಕ್ರೋಗೆ ಮರುಜೀವ

ಬಿಬಿಸಿ ಮೈಕ್ರೋ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಹೊರತಂದ ಡೆಸ್ಕ್‌ಟಾಪ್ ಕಂಪ್ಯೂಟರ್. ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸಲೆಂದು ಬಿಬಿಸಿ ರೂಪಿಸಿದ ಟಿವಿ ಕಾರ್ಯಕ್ರಮಗಳ ಜೊತೆಗೇ ಅದು ಬ್ರಿಟನ್ನಿನ ಶಾಲೆಗಳನ್ನು ಹೊಕ್ಕಿತು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ‘ಮಾಡೆಲ್ ಬಿ’ಯಲ್ಲಿ 32 ಕಿಲೋಬೈಟ್ ಮೆಮೊರಿ: ಇಷ್ಟೇ ಅದರ ಬಂಡವಾಳ. ಅದನ್ನು ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ, ಇಂದು ಮೊಬೈಲ್ ಫೋನುಗಳನ್ನು ನಡೆಸುತ್ತಿರುವ ಆರ್ಮ್ ಪ್ರೊಸೆಸರ್‌ಗೆ ತಳಪಾಯ ಹಾಕಿದರು. ಭಾರತದಲ್ಲಿ 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಡಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ. ನಾಲ್ಕು ದಶಕ ಕಳೆದರೂ ಇವುಗಳಲ್ಲಿ ಬಹಳಷ್ಟನ್ನು ಮತ್ತೆ ನಡೆಯುವಂತೆ ಮಾಡಬಹುದು. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನ ಕಂಪ್ಯೂಟರ್ ಸಂಗ್ರಹಾಲಯದಲ್ಲಿ ಒಂದು ತರಗತಿ ತುಂಬ ಇವನ್ನು ಸಾಲಾಗಿ ಇಟ್ಟಿದ್ದಾರೆ. ಮಕ್ಕಳು ಕುಳಿತು ಅವುಗಳಲ್ಲಿ ಬೇಸಿಕ್ ಭಾಷೆಯ ಪ್ರೋಗ್ರಾಂ ಬರೆಯುತ್ತಾರೆ.

ದುರಸ್ತಿಯ ಮೊದಲ ನಿಯಮ, ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರಕ್ಕೆ ನೇರವಾಗಿ ಕರೆಂಟು ಕೊಡಬಾರದು. ‘ನಡೆಯುತ್ತದೋ ನೋಡೋಣ’ ಎಂದು ಸ್ವಿಚ್ ಹಾಕಿದಾಗಲೇ ಸುಟ್ಟುಹೋದ ಯಂತ್ರಗಳು ಅನೇಕ. ಹಿಂಬದಿಯಲ್ಲೂ ತಳದಲ್ಲೂ ‘ಫಿಕ್ಸ್’ ಎಂದು ಗುರುತು ಹಾಕಿರುವ ಸ್ಕ್ರೂ ಬಿಚ್ಚಿದರೆ ಮೇಲಿನ ಮುಚ್ಚಳ ಎದ್ದು ಬರುತ್ತದೆ. ಒಳಗೆ ಮುಂದೆ ಕೀಬೋರ್ಡ್, ಅದರ ಹಿಂದೆ ಹರಡಿಕೊಂಡ ಮದರ್‌ಬೋರ್ಡ್, ಎಡಗಡೆ ಲೋಹದ ಡಬ್ಬಿಯಲ್ಲಿ ಪವರ್ ಸಪ್ಲೈ. ಯಾವ ತಂತಿ ಎಲ್ಲಿತ್ತು ಎಂದು ಬಿಚ್ಚುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹೆಚ್ಚಿನ ಕೆಲಸ ಆ ಲೋಹದ ಡಬ್ಬಿಯಲ್ಲೇ ಇದೆ. ಕರೆಂಟಿನ ಗದ್ದಲ ಹೊರಗಿನ ಲೈನಿಗೆ ಹೋಗದಂತೆ ತಡೆಯಲು ಅದರಲ್ಲಿ ರಿಫಾ ಹೆಸರಿನ ಕೆಪಾಸಿಟರ್‌ಗಳನ್ನು ಕೂರಿಸಿರುತ್ತಾರೆ. ಜೇನುಬಣ್ಣದ ಪಾರದರ್ಶಕ ಹೊದಿಕೆ, ಒಳಗೆ ಲೋಹ ಲೇಪಿಸಿದ ಕಾಗದದ ಸುರುಳಿ. ಭೂತಗನ್ನಡಿ ಹಿಡಿದು ನೋಡಿದರೆ ಆ ಹೊದಿಕೆಯ ಮೇಲೆ, ಒಣಗಿದ ಕೆರೆಯ ಅಂಗಳದಂತೆ, ಕೂದಲೆಳೆಯ ಬಿರುಕುಗಳು ಕಾಣುತ್ತವೆ. ವಯಸ್ಸಾದಂತೆ ಹೊದಿಕೆ ಸೀಳಿ, ಗಾಳಿಯ ತೇವ ಒಳಗಿನ ಕಾಗದಕ್ಕೆ ಇಳಿಯುತ್ತದೆ. ತೇವ ಹೀರಿದ ಕಾಗದಕ್ಕೆ ಮನೆಯ ಕರೆಂಟು ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ಅದು ಕಾದು ಸಿಡಿಯುತ್ತದೆ. ಕಟುವಾಸನೆಯ ದಟ್ಟ ಹೊಗೆ ಕೋಣೆ ತುಂಬುತ್ತದೆ. ಹಾಗಾಗಿ ಬಿರುಕು ಕಂಡರೂ ಕಾಣದಿದ್ದರೂ ಇವನ್ನು ಕಿತ್ತು, ಅದೇ ಕೆಪಾಸಿಟೆನ್ಸ್‌ನ, ‘ಎಕ್ಸ್2’ ದರ್ಜೆಯ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಬೇಕು. ಸಾಮಾನ್ಯ ಕೆಪಾಸಿಟರ್ ಇಲ್ಲಿ ಸಲ್ಲದು, ಏಕೆಂದರೆ ಎಕ್ಸ್2 ದರ್ಜೆಯದು ನೇರ ಮೇನ್ಸ್‌ಗೆ ಅಡ್ಡಲಾಗಿ ಕೂರಲೆಂದೇ ತಯಾರಾದದ್ದು.

ಅದೇ ಡಬ್ಬಿಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳದು ಬೇರೆ ಕಾಯಿಲೆ. ಅವುಗಳೊಳಗಿನ ದ್ರವ ವರ್ಷಗಳಲ್ಲಿ ಆರಿ ಹೋಗುತ್ತದೆ, ಇಲ್ಲವೇ ಬುಡದಿಂದ ಜಿನುಗುತ್ತದೆ. ನೆತ್ತಿ ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆಯಿದ್ದರೆ ಅದು ಕೆಟ್ಟಿದೆ ಎಂದೇ ಲೆಕ್ಕ. ಆದರೆ ನೋಡಲು ಚೆನ್ನಾಗಿರುವುದೂ ಒಳಗೆ ಸತ್ತಿರಬಹುದು. ಮಲ್ಟಿಮೀಟರ್ ತೋರಿಸುವ ಮೈಕ್ರೋಫ್ಯಾರಡ್ ಅಂಕಿ ಒಂದನ್ನೇ ನಂಬಬಾರದು. ದ್ರವ ಆರಿದಂತೆ ಏರುವ ಒಳರೋಧವನ್ನು ಅಳೆಯುವ ಇಎಸ್‌ಆರ್ ಮೀಟರ್ ಬೇಕು. ಬದಲಿಗೆ ಹಾಕುವುದು 105 ಡಿಗ್ರಿ ಸೆಲ್ಸಿಯಸ್ ತಾಳುವಂಥದ್ದಿರಲಿ. ದೊಡ್ಡ ಕೆಪಾಸಿಟರ್ ನಡೆಯುವಾಗ 300 ವೋಲ್ಟ್‌ಗೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಒಡನೆ ಬಿಡುವುದಿಲ್ಲ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಕೊಂಡೇ ಕೈ ಹಾಕಬೇಕು. ಮೇನ್ಸ್ ಕೆಲಸದ ಅನುಭವ ಇಲ್ಲದವರು ಈ ಡಬ್ಬಿಯನ್ನು ಬಲ್ಲವರ ಕೈಗೆ ಕೊಡುವುದೇ ಸರಿ.

ರಿಪೇರಿಯಾದ ಪವರ್ ಸಪ್ಲೈಯನ್ನು ಮದರ್‌ಬೋರ್ಡಿಗೆ ಸೇರಿಸದೆ, ಒಂದು ಲೋಡ್ ಕೊಟ್ಟು, ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡಿನ ಮೂಲಕ ಪರೀಕ್ಷಿಸುತ್ತಾರೆ. ಎಲ್ಲೋ ಶಾರ್ಟ್ ಇದ್ದರೆ ಬೋರ್ಡಿನ ಬಲ್ಬು ಪೂರ್ತಿ ಬೆಳಗುತ್ತದೆ, ಯಂತ್ರ ಉಳಿಯುತ್ತದೆ. ಕೆಂಪು ತಂತಿಗಳಲ್ಲಿ 4.75ರಿಂದ 5.25 ವೋಲ್ಟ್ ಒಳಗೆ, ನೇರಳೆ ತಂತಿಯಲ್ಲಿ ಮೈನಸ್ 5 ವೋಲ್ಟ್ ಸಿಕ್ಕಿದರೆ ಮುಂದುವರಿಯಬಹುದು. ಕೆಂಪು ತಂತಿಗಳು ಮೂರಿವೆ. ಮೂರನ್ನೂ ಬೋರ್ಡಿಗೆ ಬಿಗಿಯಾಗಿ ಚುಚ್ಚಬೇಕು.

ಸ್ವಿಚ್ ಹಾಕಿದ ಮೇಲೆ ಕಿವಿಗೆ ಕೆಲಸ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಮೊದಲು ದಪ್ಪ ದನಿಯಲ್ಲಿ ‘ಬೂ’ ಎನ್ನುತ್ತದೆ, ಬೆನ್ನಿಗೇ ತೆಳುವಾಗಿ ‘ಪೀ’. ಈ ಜೋಡಿ ದನಿಯನ್ನು ಶಾಲೆಯಲ್ಲಿ ಕೇಳಿದವರು ಮರೆತಿರಲಾರರು. ‘ಬೂ’ ನಿಲ್ಲದೆ ಎಳೆಯುತ್ತಲೇ ಇದ್ದರೆ ಆಪರೇಟಿಂಗ್ ಸಿಸ್ಟಂ ಶುರುವಾಗಿಲ್ಲ ಎಂದರ್ಥ. ಆಗ ಮೊದಲು ಅನುಮಾನಿಸಬೇಕಾದ್ದು ಸಾಕೆಟ್‌ಗಳನ್ನು. ಪ್ರೊಸೆಸರ್ ಮತ್ತು ರೋಮ್‌ ಚಿಪ್‌ಗಳು ಸಾಕೆಟ್‌ನಲ್ಲಿ ಕುಳಿತಿರುತ್ತವೆ. ಕಾಲುಗಳಿಗೆ ಕಿಲುಬು ಹಿಡಿದಿದ್ದರೆ ಸಂಪರ್ಕ ತಪ್ಪುತ್ತದೆ. ಒಂದೊಂದನ್ನೇ ಮೆಲ್ಲಗೆ ಎತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ದಿಕ್ಕು ತಪ್ಪದಂತೆ ಮರಳಿ ಒತ್ತಿದರೆ ಎಷ್ಟೋ ಸಲ ಅಲ್ಲಿಗೇ ಯಂತ್ರ ಏಳುತ್ತದೆ. ಪರದೆಯ ಮೇಲೆ 32ರ ಬದಲು ‘16ಕೆ’ ಎಂದು ಬಂದರೆ ಹದಿನಾರು ಮೆಮೊರಿ ಚಿಪ್‌ಗಳ ಅರ್ಧಭಾಗದಲ್ಲಿ ತೊಂದರೆಯಿದೆ. ಚಿತ್ರ ಕದಡಿದ್ದರೆ ವಿಡಿಯೊ ಯುಎಲ್‌ಎ ಎಂಬ ಚಿಪ್ ಕಡೆ ನೋಡಬೇಕು. ಮೊದಲ ವರ್ಷಗಳ ಯಂತ್ರಗಳಲ್ಲಿ ಅದು ತುಂಬ ಕಾಯುತ್ತಿತ್ತು, ಅದಕ್ಕೇ ಅದರ ಮೇಲೊಂದು ಹೀಟ್ ಸಿಂಕ್.

ಬಿಬಿಸಿ ಮೈಕ್ರೋದ ಭಾಗ್ಯವೆಂದರೆ ಮದರ್‌ಬೋರ್ಡಿನಲ್ಲಿ ಬ್ಯಾಟರಿ ಇಲ್ಲ. ಎಂಬತ್ತರ ದಶಕದ ಕೊನೆಯ ಅನೇಕ 386 ಪಿಸಿಗಳಲ್ಲಿ ಗಡಿಯಾರಕ್ಕೆಂದು ಬೆಸೆದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಅದರ ಕ್ಷಾರ ತಾಮ್ರದ ಗೆರೆಗಳನ್ನೇ ತಿಂದುಬಿಟ್ಟಿರುತ್ತದೆ. ಅಂಥದ್ದು ಕೈಗೆ ಬಂದರೆ ಬೇರೆಲ್ಲಕ್ಕಿಂತ ಮೊದಲು ಆ ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಸೋರಿದ ಜಾಗವನ್ನು ವಿನೆಗರ್‌ನಿಂದ ತೊಳೆಯುತ್ತಾರೆ.

ಹಳದಿಗಟ್ಟಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗಾಗಿಸುವ ರೂಢಿಯಿದೆ. ಬಣ್ಣ ಮತ್ತೆ ತಿರುಗುವುದುಂಟು, ಹಚ್ಚಿದ್ದು ಸಮವಾಗದಿದ್ದರೆ ಪಟ್ಟೆಗಳೂ ಉಳಿಯುತ್ತವೆ. ಸಾಬೂನು ನೀರಲ್ಲಿ ತೊಳೆದು ಹಾಗೇ ಬಿಡುವುದರಲ್ಲಿ ತಪ್ಪೇನಿಲ್ಲ. ಕೀಲಿಗಳನ್ನೂ ಹೀಗೇ ಕಿತ್ತು ತೊಳೆದು, ಪೂರ್ತಿ ಒಣಗಿಸಿ ಕೂರಿಸುತ್ತಾರೆ. ಮುಚ್ಚಳ ಹಾಕುವ ಮೊದಲು ಯಂತ್ರವನ್ನು ಕೆಲವು ಗಂಟೆ ಕಣ್ಣೆದುರೇ ನಡೆಸಿ, ವೋಲ್ಟೇಜ್ ಮತ್ತೊಮ್ಮೆ ಅಳೆದು, ಯಾವ ಕೆಪಾಸಿಟರ್ ಯಾವ ದಿನ ಬದಲಾಯಿತು ಎಂದು ಚೀಟಿಯಲ್ಲಿ ಬರೆದು ಒಳಗೇ ಅಂಟಿಸಿಡುತ್ತಾರೆ.