ಹೆಸರಿಲ್ಲದ ಮುಖಗಳು

ಶೆಟ್ಟಿಕೆರೆಯ ಯೋಗಮಾಧವ ದೇವಾಲಯವನ್ನು ಕಟ್ಟಿಸಿದವನು ಗೋಪಾಲ ದಂಡನಾಯಕ, ವರ್ಷ 1261, ಆಗ ಆಳುತ್ತಿದ್ದವನು ಹೊಯ್ಸಳ ಮೂರನೆಯ ನರಸಿಂಹ. ಏಳು ಶತಮಾನಗಳಿಗೂ ಹಿಂದಿನ ಸಂಗತಿಯನ್ನು ನಾವು ಇಷ್ಟು ಧೈರ್ಯವಾಗಿ ಹೇಳಬಲ್ಲೆವು. ಅಂದಿನವರು ಬರೆಯಿಸಿಟ್ಟಿದ್ದಾರೆ.

ಅದೇ ಸೀಮೆಯ ಹಳೆಯ ಮನೆಯೊಂದರಲ್ಲಿ ಅರವತ್ತು ವರ್ಷಗಳ ಹಿಂದಿನ ಮದುವೆಯ ಪಟವನ್ನು ತೋರಿಸಿ, ‘ಎರಡನೆಯ ಸಾಲಿನಲ್ಲಿ ರುಮಾಲು ಸುತ್ತಿ ನಿಂತವರು ಯಾರು?’ ಎಂದು ಕೇಳಿ ನೋಡಿ. ಮಗ ಸೊಸೆಯ ಮುಖ ನೋಡುತ್ತಾನೆ. ಸೊಸೆ ಅಜ್ಜಿಯನ್ನು ಕರೆಯುತ್ತಾಳೆ. ಉತ್ತರವಿರುವುದು ಆಕೆಯೊಬ್ಬಳಲ್ಲೇ. ಆಕೆಯ ಕಾಲಾನಂತರ ಪಟವೇನೋ ಗೋಡೆಯ ಮೇಲಿದ್ದೀತು. ಅದರೊಳಗಿನವರು ಮಾತ್ರ ಅಪರಿಚಿತರಾಗಿಬಿಡುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸುವುದು ವಾಡಿಕೆ. ಹೆಚ್ಚು ಕಡಿಮೆ ಒಂದು ವರ್ಷ ಕಳೆದು, ಅಲುಗಿಸಿದರೆ ಒಳಗೆ ಕೊಬ್ಬರಿ ಸದ್ದು ಮಾಡುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಆಲ್ಬಮ್ಮಿನ ಪೆಟ್ಟಿಗೆಯೂ ಅಲ್ಲಿಯೇ ಸೇರುವುದುಂಟು. ಆದರೆ ಕಾಯಿಗೆ ಹಿತವಾದ ಅಟ್ಟ ಚಿತ್ರಕ್ಕೆ ಹಿತವಲ್ಲ. ಹೆಂಚಿನ ಕಾವು, ಒಲೆಯ ಹೊಗೆ, ಮಳೆಗಾಲದ ತೇವ, ಗೆದ್ದಲು, ಎಲ್ಲವೂ ಅದಕ್ಕೆ ವೈರಿಗಳೇ. ತಂಪಾಗಿ, ಒಣಗಿರುವ ಒಳಕೋಣೆಯ ಬೀರುವೇ ಅದಕ್ಕೆ ತಕ್ಕ ಸ್ಥಳ.

ವಿಡಿಯೋ ಕ್ಯಾಸೆಟ್ಟುಗಳ ಪಾಡು ಇನ್ನೂ ಕಷ್ಟದ್ದು. 1976ರಲ್ಲಿ ಜಪಾನಿನಲ್ಲಿ ಹೊರಬಂದ ವಿ.ಎಚ್.ಎಸ್. ಕ್ಯಾಸೆಟ್ಟಿನ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನೈ ಸಂಸ್ಥೆ 2016ರಲ್ಲಿ ಅದನ್ನು ನಿಲ್ಲಿಸಿತು. ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಕಾಂತಲೇಪ ಸವೆಯುತ್ತದೆ. ಪಟದಲ್ಲಿ ಮುಖವಷ್ಟೇ ಉಂಟು. ಸೋಬಾನೆ ಹಾಡಿದ ಸೋದರತ್ತೆಯ ಕಂಠ ಉಳಿದಿರುವುದು ಕ್ಯಾಸೆಟ್ಟಿನಲ್ಲಿ ಮಾತ್ರ. ಆದುದರಿಂದ ಮೊದಲು ಅದನ್ನೇ ಗಣಕಯಂತ್ರಕ್ಕೆ ಇಳಿಸಿಕೊಳ್ಳುವುದು ವಿವೇಕ.

ಉಳಿದ ಕೆಲಸಕ್ಕೆ ಹಣ ಬೇಡ, ಒಂದು ಮಧ್ಯಾಹ್ನ ಸಾಕು. ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ, ಒಂದೊಂದೇ ಚಿತ್ರವನ್ನು ಕೈಗೆ ಕೊಡಿ. ಹೇಳಿದ ಹೆಸರು, ನಂಟು, ಊರು, ವರ್ಷಗಳನ್ನು ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಬದಿಗೆ ಮೂಡೀತು. ಅಕ್ಕತಂಗಿಯರು ಒಂದು ಮುಖಕ್ಕೆ ಎರಡು ಹೆಸರು ಹೇಳಿ ವಾದಿಸಿದರೆ ಎರಡನ್ನೂ ಬರೆಯಿರಿ. ಪುಟಕ್ಕೆ ಅಂಟಿಕೊಂಡ ಚಿತ್ರವನ್ನು ಕೀಳದೆ, ಇದ್ದಲ್ಲಿಯೇ ಫೋನಿನಲ್ಲಿ ತೆಗೆದುಕೊಳ್ಳಿ. ಪ್ರತಿಗಳು ಎರಡಿರಲಿ: ಊರಿನ ಮನೆಯಲ್ಲೊಂದು, ಬೆಂಗಳೂರಿನ ಮಗನ ಮನೆಯಲ್ಲೊಂದು.

ಗೌರಿಹಬ್ಬಕ್ಕೆ ತವರಿಗೆ ಹೊರಡುವ ಹೆಣ್ಣುಮಕ್ಕಳು ಈ ಬಾರಿ ಸೀರೆ, ಹೂವಿನ ಜೊತೆ ಚೀಲದಲ್ಲಿ ಒಂದು ಪೆನ್ಸಿಲನ್ನೂ ಇಟ್ಟುಕೊಳ್ಳಲಿ.