ಎಲ್ಲರಿಗೂ ಒಂದು ಪಾತ್ರ: ಸಮನ್ವಯ ಶಿಕ್ಷಣ ಮತ್ತು ಅಭಿನಯದ ಓದು



ನಮ್ಮ ಚರ್ಚುಗಳ ವಾರ್ಷಿಕ ಹಬ್ಬದ ಸಂಜೆ ನಾಟಕವಿಲ್ಲದೆ ಮುಗಿಯುವುದು ಅಪರೂಪ. ಯುವಕ ಸಂಘದವರು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ, ಕ್ರೈಸ್ತ ಶಿಕ್ಷಣದ ಮಕ್ಕಳು ವೇಷ ಹಾಕುತ್ತಾರೆ, ವಾರ್ಡಿನವರೆಲ್ಲ ಸೇರುತ್ತಾರೆ. ಆದರೆ ಕಣ್ಣು ಕಾಣದ ಹುಡುಗಿ, ಗಾಲಿಕುರ್ಚಿಯಲ್ಲಿ ಬರುವ ಹುಡುಗ, ಕಿವಿ ಕೇಳದ ಮಗು ಆ ಸಂಜೆ ಎಲ್ಲಿರುತ್ತಾರೆ? ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ನಾವು ಪ್ರೀತಿಯಿಂದಲೇ ಅಲ್ಲಿ ಕೂರಿಸಿರುತ್ತೇವೆ. ವೇದಿಕೆಗೆ ಮಾತ್ರ ಕರೆದಿರುವುದಿಲ್ಲ.

ಇನ್ನೊಂದು ಕಡೆ, ಕಲಾ ವಿಭಾಗದಲ್ಲಿ ಪದವಿ ಮುಗಿಸಿದ ಯುವಜನರು ಎರಡು ಪ್ರಶ್ನೆ ಕೇಳುವುದುಂಟು: ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳಲು ಏನು ಓದಬೇಕು? ಅಭಿನಯ ಕಲಿತರೆ ಪ್ರಯೋಜನವೇನು? ಇವು ಬೇರೆ ಬೇರೆ ದಾರಿಗಳೆಂದು ನಾವು ತಿಳಿದಿದ್ದೇವೆ. ಆದರೆ ಇವೆರಡೂ ಒಂದೇ ಮನೆಯಲ್ಲಿ ಬೆಳೆದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅದನ್ನು ನೋಡಲು ಘಟ್ಟ ಹತ್ತಿ ಗದಗಿಗೆ ಹೋಗಬೇಕು.

ಗದಗಿನ ಆಶ್ರಮ ಕಲಿಸಿದ್ದು

ಪಂಚಾಕ್ಷರಿ ಗವಾಯಿಗಳು (1892–1944) ದೃಷ್ಟಿಯಿಲ್ಲದವರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು ಗುರುಗಳಾದರು. ಊರಿಂದೂರಿಗೆ ಹೋಗುತ್ತಾ ಅಂಧ ಮತ್ತು ಬಡ ಮಕ್ಕಳಿಗೆ ವಿದ್ಯೆ ಹೇಳಿಕೊಟ್ಟರು. ಅವರ ಪಾಠಶಾಲೆ 1940ರ ದಶಕದ ಆರಂಭದಲ್ಲಿ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅವರ ನಂತರ ಆಶ್ರಮದ ಹೊಣೆ ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010). ಇವರೂ ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಇವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು.

ನೂರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಉಚಿತವಾಗಿ ಕೊಡಬೇಕಾದರೆ ಹಣ ಎಲ್ಲಿಂದ ಬರಬೇಕು? ಭಕ್ತರ ಕಾಣಿಕೆಯ ಜೊತೆಗೆ ನಾಟಕವೂ ನೆರವಾಯಿತು. ಪುಟ್ಟರಾಜರು ತಾವೇ ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ಅದರ ಗಳಿಕೆ ಆಶ್ರಮದ ಮಕ್ಕಳ ಅನ್ನಕ್ಕೆ ಸಂದಿತು. ಕಂಪನಿ ನಾಟಕದಲ್ಲಿ ಮಾತಿನಷ್ಟೇ ಹಾಡು, ಹಾರ್ಮೋನಿಯಂ, ತಬಲಾ ಮುಖ್ಯ. ಕಣ್ಣು ಕಾಣದ ಕಲಾವಿದನಿಗೆ ಅಲ್ಲಿ ಮಾಡಲು ನಿಜವಾದ ಕೆಲಸವಿರುತ್ತಿತ್ತು. ಅವನು ಇಲ್ಲದಿದ್ದರೆ ನಾಟಕವೇ ನಡೆಯದು.

ಇನ್ನೊಂದು ಸಂಗತಿ ಗಮನಾರ್ಹ. ಪಂಚಾಕ್ಷರಿ ಗವಾಯಿಗಳಿಂದ ಕಲಿತ ಬಸವರಾಜ ರಾಜಗುರು, ಪುಟ್ಟರಾಜರಿಂದ ಕಲಿತ ಎಂ. ವೆಂಕಟೇಶಕುಮಾರ್ ಇಬ್ಬರೂ ಕಣ್ಣು ಕಾಣುವವರು. ಕಾಣುವವರೂ ಕಾಣದವರೂ ಒಂದೇ ಸೂರಿನಡಿ ಕಲಿತರು, ಗುರುವಿನ ಸ್ಥಾನದಲ್ಲಿ ಕಾಣದವರೇ ಇದ್ದರು. ಇಂದು ಪಠ್ಯಪುಸ್ತಕಗಳು ಹೇಳುವ ಸಮನ್ವಯ ಶಿಕ್ಷಣ ಆ ಹೆಸರು ಬರುವ ಮೊದಲೇ ಅಲ್ಲಿ ನಡೆದಿತ್ತು.

ಸಮನ್ವಯ ಶಿಕ್ಷಣ ಎಂದರೇನು?

ವಿಶೇಷ ಶಾಲೆ ಬೇರೆ, ಸಮನ್ವಯ ಶಿಕ್ಷಣ ಬೇರೆ. 1970ರಲ್ಲಿ ಆರಂಭವಾದ ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯಂಥ ಸಂಸ್ಥೆಗಳು ಪ್ರತ್ಯೇಕ ತರಬೇತಿ ಬೇಕಾದ ಮಕ್ಕಳಿಗೆ ಆಸರೆಯಾಗಿವೆ. ಸಮನ್ವಯ ಶಿಕ್ಷಣದಲ್ಲಿ ಅಂಗವೈಕಲ್ಯವಿರುವ ಮತ್ತು ಇಲ್ಲದ ಮಕ್ಕಳು ಒಟ್ಟಿಗೆ ಕಲಿಯುತ್ತಾರೆ, ಕಲಿಸುವ ಕ್ರಮ ಎಲ್ಲರಿಗೂ ಒಗ್ಗುವಂತೆ ಬದಲಾಗುತ್ತದೆ. ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಅದು ಸಮನ್ವಯವಾಗದು.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ ಈ ತತ್ವವನ್ನು ಒಪ್ಪಿದರು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಶಿಕ್ಷಣದ ಜೊತೆಗೆ ಕಲೆ, ಸಂಸ್ಕೃತಿಯಲ್ಲಿ ಭಾಗವಹಿಸುವುದನ್ನೂ ಹಕ್ಕೆಂದು ಸಾರಿತು. ಭಾರತ ಅದನ್ನು 2007ರಲ್ಲಿ ಅನುಮೋದಿಸಿ, 2016ರಲ್ಲಿ ಹೊಸ ಕಾಯ್ದೆ ಮಾಡಿತು.

ಓದಿನ ದಾರಿ ಯಾವುದು?

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಂಥ ಹಳ್ಳಿಯಲ್ಲಿ ಕಣ್ಣು ಕಾಣದ ಯುವತಿಯೊಬ್ಬಳು ಬಿ.ಎ. ಮುಗಿಸಿದ್ದಾಳೆ ಎಂದಿಟ್ಟುಕೊಳ್ಳೋಣ. ನಮ್ಮ ಕರಾವಳಿಯ ಯಾವುದೇ ಧರ್ಮಕೇಂದ್ರದಲ್ಲೂ ಅಂಥವಳಿರಬಹುದು. ಅವಳ ಮುಂದಿರುವ ದಾರಿಗಳು ಹೀಗಿವೆ.

ಮೊದಲನೆಯದು ಬಿ.ಎಡ್. 2014ರ ನಿಯಮಾವಳಿಯಂತೆ ಎರಡು ವರ್ಷದ ಈ ಓದಿನಲ್ಲಿ ಸಮನ್ವಯ ಶಾಲೆಯನ್ನು ರೂಪಿಸುವ ಕುರಿತ ವಿಷಯವೂ, ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬ ವಿಷಯವೂ ಸೇರಿದವು. ಪಾಠವನ್ನು ಅಭಿನಯಿಸಿ ತೋರಿಸಲು ಕಲಿತ ಶಿಕ್ಷಕನಿಗೆ ಓದಲು ಕಷ್ಟಪಡುವ ಮಗುವನ್ನೂ ಪಾಠಕ್ಕೆ ಸೇರಿಸಿಕೊಳ್ಳಲು ಬರುತ್ತದೆ.

ಎರಡನೆಯದು ವಿಶೇಷ ಶಿಕ್ಷಣದ ಬಿ.ಎಡ್. ಇದು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಗೆ ಒಳಪಟ್ಟದ್ದು. ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ವೈಕಲ್ಯ ಹೀಗೆ ಒಂದನ್ನು ಆರಿಸಿಕೊಳ್ಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷಕ್ಕೆ ಸಂಬಂಧಿಸಿದ ಕೋರ್ಸ್ ಇದೆ. ಸೇರುವ ಮುನ್ನ ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ರಂಗಶಿಕ್ಷಣ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರ ಒಂದು ವರ್ಷದ ಡಿಪ್ಲೊಮಾ ನೀಡುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷದ ಓದಿದೆ. ನಮ್ಮ ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರು ಒಂದು ಕಾಲದಲ್ಲಿ ಆ ಶಾಲೆಯ ನಿರ್ದೇಶಕರಾಗಿದ್ದರು.

ಯಾವ ದಾರಿ ಹಿಡಿದರೂ ಕಾನೂನು ಅವಳ ಬೆನ್ನಿಗಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳನ್ನು ಮೀಸಲಿಡಬೇಕು, ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಸಬೇಕು. ಕೇಂದ್ರ ಮಾರ್ಗಸೂಚಿಯಂತೆ ಲಿಪಿಕಾರರ ನೆರವು ಬೇಕಾದವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ. ಇವುಗಳಿಗೆಲ್ಲ ಆಧಾರವಾಗುವ ಅಂಗವೈಕಲ್ಯ ಗುರುತಿನ ಚೀಟಿಯನ್ನು ಮಾಡಿಸಿಕೊಡುವುದು ನಮ್ಮ ಗುರಿಕಾರರೂ ಸಮಾಜಸೇವಾ ಆಯೋಗದವರೂ ಸುಲಭವಾಗಿ ಮಾಡಬಹುದಾದ ಕೆಲಸ.

ನಗಿಸುವ ಮುನ್ನ

ಇಲ್ಲಿ ಆತ್ಮಾವಲೋಕನವೂ ಬೇಕು. ನಮ್ಮ ನಾಟಕಗಳಲ್ಲಿ ಕುಂಟುವವನು, ತೊದಲುವವನು, ಕಿವುಡ ಅಜ್ಜ ಬಂದರೆ ಸಭೆ ನಗಬೇಕೆಂಬುದು ಹಳೆಯ ರೂಢಿ. ಸಭೆಯಲ್ಲಿ ಅದೇ ಕಷ್ಟವುಳ್ಳವರು ಕುಳಿತಿರುತ್ತಾರೆ. ಅಂಗವಿಕಲರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸುವುದು 2016ರ ಕಾಯ್ದೆಯಡಿ ಶಿಕ್ಷಾರ್ಹ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಚಲನಚಿತ್ರವೊಂದರ ಪ್ರಕರಣದಲ್ಲಿ, ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ವ್ಯಕ್ತಿಯನ್ನು ಕೀಳಾಗಿಸುವ ಹಾಸ್ಯ ಬೇರೆ ಎಂದು ವಿವರಿಸಿತು. ಅಭಿನಯವನ್ನು ಶ್ರದ್ಧೆಯಿಂದ ಓದಿದವರಿಗೆ ಈ ವ್ಯತ್ಯಾಸ ತಿಳಿದಿರಬೇಕು. ಮತ್ತೊಬ್ಬರ ನಡಿಗೆಯನ್ನು ಅಣಕಿಸುವುದು ಸುಲಭ, ಅವರ ಮನಸ್ಸನ್ನು ಹೊಕ್ಕು ಮಾತನಾಡುವುದು ಕಷ್ಟ.

ವೇದಿಕೆಯನ್ನು ಸಜ್ಜುಗೊಳಿಸುವುದು

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಕಣ್ಣು ಕಾಣದವರಿಗೆ ವೇದಿಕೆಯ ಅಂಚಿಗೆ ಸ್ವಲ್ಪ ಮೊದಲೇ ಒರಟು ಚಾಪೆ ಹಾಸಿದರೆ ಪಾದಕ್ಕೆ ಎಲ್ಲೆ ತಿಳಿಯುತ್ತದೆ. ಹೆಜ್ಜೆ ಎಣಿಸಿ ಅಭ್ಯಾಸ ಮಾಡಿಸಿದರೆ ಚಲನೆ ಸಲೀಸಾಗುತ್ತದೆ. ಕಿವಿ ಕೇಳದವರಿಗೆ ಗಂಟೆಯ ಬದಲು ದೀಪದ ಸೂಚನೆ ಕೊಡಬಹುದು. ಗಾಲಿಕುರ್ಚಿಗೆ ಮೆಟ್ಟಿಲ ಪಕ್ಕ ಗಟ್ಟಿಯಾದ ಇಳಿಜಾರು ಸಾಕು. ದೀರ್ಘ ಮಾತು ನೆನಪಿಡಲಾಗದ ಮಗುವಿಗೆ ಚಿಕ್ಕ, ಪುನರಾವರ್ತನೆಯಾಗುವ ಮಾತು ಅಥವಾ ಮೂಕಾಭಿನಯ ಕೊಡಬಹುದು. ಮುಖ್ಯವಾದುದು ಅಭ್ಯಾಸವನ್ನು ಎರಡು ವಾರ ಮೊದಲೇ ಆರಂಭಿಸುವುದು, ಯಾವ ನೆರವು ಬೇಕೆಂದು ಅವರನ್ನೇ ಕೇಳುವುದು.

ಪಾತ್ರ ಕೊಡುವಾಗ ಒಂದು ಎಚ್ಚರ ಅಗತ್ಯ. ಕುರುಡನ ಪಾತ್ರವನ್ನೇ ಕಣ್ಣು ಕಾಣದವನಿಗೆ ಕೊಟ್ಟು ನಮ್ಮ ಕೆಲಸ ಮುಗಿಯಿತೆಂದುಕೊಳ್ಳಬಾರದು. ಅವನು ರಾಜನಾಗಬಹುದು, ವೈದ್ಯನಾಗಬಹುದು, ಕಿರಿಯ ಮಗನಿಗಾಗಿ ಕಾಯುವ ತಂದೆಯಾಗಬಹುದು.

ಗದಗಿನ ಗವಾಯಿಗಳು ಮಕ್ಕಳಿಗೆ ಅನ್ನ ಕೊಟ್ಟರು, ಅನ್ನದ ಜೊತೆಗೆ ಕೈಗೊಂದು ವಿದ್ಯೆ ಕೊಟ್ಟರು. ವಿದ್ಯೆ ಸಿಕ್ಕಿದವನನ್ನು ಊರು ಕನಿಕರದಿಂದ ನೋಡದೆ ಗೌರವದಿಂದ ಕಂಡಿತು. ನಮ್ಮ ಧರ್ಮಕೇಂದ್ರಗಳ ಪದವೀಧರರು ಈ ಎರಡು ವಿಷಯಗಳನ್ನು ಓದಿ ಬಂದರೆ ಶಾಲೆಗೂ ಚರ್ಚಿಗೂ ಅದರಿಂದ ಲಾಭ. ಮುಂದಿನ ಹಬ್ಬದ ನಾಟಕಕ್ಕೆ ಪಾತ್ರಗಳ ಪಟ್ಟಿ ಬರೆಯುವಾಗ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರ ಹೆಸರುಗಳನ್ನು ಮೊದಲು ಬರೆಯೋಣ.